ಹಗೇವಿದ್ದ ಬಾಡಿಗೆ ಮನೆ

ದಾವಣಗೆರೆಯಲ್ಲಿ ಹಳೆ ಗೋಣಿಚೀಲದ ವ್ಯಾಪಾರ ಹಿಡಿದು, ಸ್ವಂತ ಕಾಲ ಮೇಲೆ ನಿಂತ ಹೊಸತರಲ್ಲಿ ನಾನು ಮಾಡಿದ ಬಾಡಿಗೆ ಮನೆಯ ನಡುಮನೆಯಲ್ಲಿ ಒಂದು ಹಗೇವಿತ್ತು. ನೆಲದಡಿಯ ಆ ಗುಂಡಿಯ ತುಂಬ ಮಾಲೀಕರ ಜೋಳ. ಬಾಯಿಗೆ ಚಪ್ಪಡಿ, ಚಪ್ಪಡಿಯ ಮೇಲೆ ನಮ್ಮ ಚಾಪೆ. ನೆನಪಾದಾಗ ಅವರು ಬರುವರು. ಬಾಗಿಲಲ್ಲಿ ಕೆಮ್ಮುವುದೂ ಇಲ್ಲ, ಚಪ್ಪಲಿ ಬಿಟ್ಟು ನೇರ ಒಳಕ್ಕೆ.

"ಸಾವ್ಕಾರ್ರೇ, ಒಂದು ಕೂಗು ಹಾಕಿ ಬರ್ರಿ" ಎಂದರೆ, "ಏ ತಮ್ಮಾ, ನಿನಗೆ ಮನೆ ಕೊಟ್ಟೀನಿ, ಹಗೇವು ಕೊಟ್ಟಿಲ್ಲ. ನನ್ನ ಜೋಳ ನೋಡಾಕೆ ನಿನ್ನ ಅಪ್ಪಣೆ ಬೇಕೇನು?" ಎಂದು ನಗುವರು. ಕೆಟ್ಟ ಮನುಷ್ಯರಲ್ಲ. ಆಗ ಮನೆ ಕೊಟ್ಟವರೆಲ್ಲ ಹಾಗೇ ಬರುತ್ತಿದ್ದರು.

ಹೆಂಡತಿಯನ್ನು ಚೊಚ್ಚಲ ಹೆರಿಗೆಗೆ ಹರಿಹರದ ತವರಿಗೆ ಕಳಿಸುವ ಮೊದಲೇ ನೋವು ಬಂತು. ಹುಟ್ಟಿದ ಹೆಣ್ಣು ಮಗು ಉಸಿರಾಡಲಿಲ್ಲ. ಮಣ್ಣು ಮಾಡಿ ಬಂದಾಗ ಅವಳು ಹಾಲು ಕಟ್ಟಿದ ಎದೆಗೆ ಬಟ್ಟೆ ಬಿಗಿದು, ಸೀರೆಯೊಂದನ್ನು ಮರೆಗೆ ಕಟ್ಟಿ ನಡುಮನೆಯ ಮೂಲೆಯಲ್ಲಿ ಮಲಗಿದ್ದಳು. ಕೇಳಿದ್ದು ಒಂದೇ ಮಾತು: "ಯಾರೂ ಬರದಂಗೆ ನೋಡ್ಕೊಳ್ರಿ. ನಾನು ಅಳಬೇಕು."

ಸಾಹುಕಾರರ ಬಳಿ ಹೋಗಿ, ಪೇಟೆಯಲ್ಲಿ ಕಲಿತ ಮಾತನ್ನೆಲ್ಲ ಖರ್ಚು ಮಾಡಿದೆ. ನಿಮ್ಮ ಮನೆಗೆ ಬೇಕಾದ ಜೋಳ ನಾನೇ ತಂದು ಹಾಕುತ್ತೇನೆ, ಹಗೇವು ಮಾತ್ರ ಈಗ ತೆಗೆಸಬೇಡಿ ಎಂದೆ. "ಆತು ಬಿಡು, ನಾವೇನು ಮನುಷ್ಯರಲ್ಲೇನು?" ಎಂದರು.

ಮರುದಿನ ಪೇಟೆಯಲ್ಲಿ ಜೋಳದ ಧಾರಣೆ ಏರಿತು. ನಾನು ಅಂಗಡಿಯಿಂದ ಬರುವಷ್ಟರಲ್ಲಿ ಚಪ್ಪಡಿ ಎದ್ದಿತ್ತು. ಹಗೇವಿನೊಳಗಿನ ಬಿಸಿ, ಮುಗ್ಗಲು ಗಾಳಿ ಹೋಗಲೆಂದು ಅವಳ ಮರೆಯ ಸೀರೆಯನ್ನೂ ಬಿಚ್ಚಿದ್ದರು. ಹಮಾಲರು ಬುಟ್ಟಿ ಹೊತ್ತು ಓಡಾಡುತ್ತಿದ್ದರು. ಅವಳು ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ, ಬಿಸಿಲಿಗೆ ಸೆರಗೆಳೆದು ಕೂತಿದ್ದಳು. ಎದುರಿಗೆ ಸಾಹುಕಾರರ ಹೆಂಡತಿ, ಹಮಾಲರಿಗೂ ಕೇಳುವಂತೆ: "ಸುಮ್ನಿರವ್ವಾ, ಹರೇದಾಕಿ ನೀನು. ವರ್ಷ ತುಂಬೋದ್ರಾಗೆ ಇನ್ನೊಂದು ಎತ್ತಿ ಆಡಿಸ್ತೀಯಂತೆ."

ಅವಳು "ಹೂಂ ಅವ್ವಾ" ಎಂದು ಕಣ್ಣೊರೆಸಿಕೊಂಡಳು. ನಕ್ಕಳು ಕೂಡ.

ಬಾಡಿಗೆ ಮನೆ ಹುಡುಕುವವರಿಗೆ ಇವತ್ತಿಗೂ ಹೇಳುತ್ತೇನೆ: ನೀರು, ಬಚ್ಚಲು ಆಮೇಲೆ ನೋಡಿ. ಮಾಲೀಕ ಯಾವಾಗ, ಹೇಗೆ ಕೇಳಿ ಒಳಗೆ ಬರಬೇಕೆಂಬುದನ್ನು ಮೊದಲು ಇತ್ಯರ್ಥ ಮಾಡಿ. ಒಳ್ಳೆಯವನಾದರೆ ಇನ್ನೂ ಬಿಗಿಯಾಗಿ ಮಾಡಿ. ಅಂಥವನನ್ನು ಆಮೇಲೆ ಬಾಗಿಲಲ್ಲಿ ತಡೆಯಲಾಗುವುದಿಲ್ಲ.

ಹೆಂಡತಿಯನ್ನು ಅವಳಣ್ಣ ಹರಿಹರಕ್ಕೆ ಕರೆದೊಯ್ದ. ಅದು ತುಂಬಿದ ಮನೆ. ಅಲ್ಲಿಯೂ ನೋಡಲು ಬಂದವರ ಮುಂದೆ ಸೆರಗು ಸರಿಮಾಡಿಕೊಂಡೇ ಕೂರುತ್ತಿದ್ದಳಂತೆ. ನಾನು ಊರೆಲ್ಲ ಅಲೆದು, ಒಳಗಿನಿಂದ ಅಗಳಿ ಹಾಕಬಹುದಾದ ಬೇರೆ ಮನೆ ಹಿಡಿದೆ. ಕೇಳದೆ ಹೊಸ್ತಿಲು ದಾಟಬಾರದೆಂದು ಮಾಲೀಕನಿಂದ ಮಾತು ತೆಗೆದುಕೊಂಡೆ. ಅವಳನ್ನು ಕರೆತಂದು, "ಇಲ್ಲಿ ಯಾರೂ ಬರಲ್ಲ, ನಾನೂ ಬರಲ್ಲ" ಎಂದು ಹೇಳಿ ಹೊರಗೆ ಜಗಲಿಯ ಮೇಲೆ ಕೂತೆ. ಅಗಳಿ ಬಿದ್ದ ಸದ್ದಾಯಿತು.

ಬಹಳ ಹೊತ್ತು ಒಳಗಿನಿಂದ ಏನೂ ಕೇಳಲಿಲ್ಲ. ಆಮೇಲೆ ಬಾಗಿಲು ತೆರೆದು ಬಂದು ನನ್ನ ಪಕ್ಕ ಕೂತಳು.

"ಬರವಲ್ದ್ರೀ," ಎಂದಳು. "ಈಗ ಅಳು ಬರವಲ್ದು."