ತಮ್ಮನ ಕೈಯ ಶಾಫ್ಟು

ಮೇಜಿನ ಮೇಲೆ ಚೆಂಡು ಹೊಡೆಯುವ ಪೂಲ್ ಆಟದವರೆಲ್ಲ ಅವನನ್ನು ಪಿನ್ನಣ್ಣ ಎಂದೇ ಕರೆಯುತ್ತಿದ್ದರು. ಆಡುವ ಕೋಲು, ಅಂದರೆ ಕ್ಯೂ, ಎರಡು ತುಂಡಿನದು: ಹಿಂದೆ ದಪ್ಪ ಹಿಡಿ, ಮುಂದೆ ಸಪೂರ ಶಾಫ್ಟು. ಹಿಡಿಯ ತುದಿಯಲ್ಲೊಂದು ಪಿನ್ನು, ಶಾಫ್ಟಿನ ಬುಡದಲ್ಲೊಂದು ತೂತು, ತಿರುಗಿಸಿ ಕೂಡಿಸಬೇಕು. ಶಾಫ್ಟು ಮುರಿದವರು ಹಿಡಿ ತಂದು ಮೇಜಿನ ಮೇಲಿಟ್ಟರೆ ಸಾಕು, ಪಿನ್ನಿನ ಮೇಲೆ ಉಗುರು ಎಳೆದು, "ಇದು ಕೂರುತ್ತೆ, ಅದು ಕೂರಲ್ಲ" ಎಂದುಬಿಡುತ್ತಿದ್ದ. ಎರಡೇ ಸುತ್ತಿನಲ್ಲಿ ಬಿಗಿಯಾದದ್ದನ್ನು ಬಲವಂತಕ್ಕೆ ತಿರುಗಿಸಿದಿರೋ, ಮರ ಸೀಳಿ ಕಥೆ ಗೋವಿಂದ.

ಒಂದು ಕಾಲಕ್ಕೆ ಅವನೂ ಅವನ ತಮ್ಮನೂ ಸೇರಿ ಪೂರ್ತಿ ಕ್ಯೂ ಮಾಡುತ್ತಿದ್ದರು. ಅಣ್ಣನದು ಹಿಡಿ, ತಮ್ಮನದು ಶಾಫ್ಟು. ಹುಡುಗುಬುದ್ಧಿ ನೋಡಿ, ಅಂಗಡಿಯ ಯಾವ ಶಾಫ್ಟೂ ಹೊಂದಬಾರದೆಂದು ಪಿನ್ನಿಗೆ ತಮ್ಮದೇ ಅಳತೆಯ ಥ್ರೆಡ್ಡು, ಅಂದರೆ ತಿರುಪಿನ ಸುತ್ತು, ಇಟ್ಟುಕೊಂಡರು. ಪಿನ್ನು ಕೊರೆಯುವ ಡೈ ಅಣ್ಣನ ಹತ್ತಿರ, ತೂತಿಗೆ ಥ್ರೆಡ್ಡು ಹಾಕುವ ಟ್ಯಾಪು ತಮ್ಮನ ಹತ್ತಿರ. ಒಬ್ಬನಿಲ್ಲದೆ ಇನ್ನೊಬ್ಬನಿಲ್ಲ ಎಂದು ಆಗ ಇಬ್ಬರಿಗೂ ಅದೊಂದು ಹೆಮ್ಮೆ.

ಅಣ್ಣನಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ. ಒಂದು ದಿನ ನಾಲ್ಕು ಜನ ಗಿರಾಕಿಗಳ ಮುಂದೆ ನಗುತ್ತಲೇ ಅಂದ: "ಶಾಫ್ಟು ಇವತ್ತಿರುತ್ತೆ, ನಾಳೆ ಮುರಿಯುತ್ತೆ. ಜನ ನೆನಪಿಡೋದು ಹಿಡೀನ. ಅವನದೇನಿದೆ, ಕಡ್ಡಿ ಕೆರೆಯೋ ಕೆಲಸ." ಗಿರಾಕಿಗಳು ನಕ್ಕರು. ತಮ್ಮ ನಗಲಿಲ್ಲ. ಟ್ಯಾಪನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೋದ. ಹೆಂಡತಿ, ಮಗಳ ಜೊತೆ ಅರ್ಧ ದಿನದ ಬಸ್ಸಿನ ದೂರದಲ್ಲಿ ಬೇರೆ ಅಂಗಡಿ ಇಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹನ್ನೊಂದು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆದರೆ ಹಳೆಯ ಕ್ಯೂಗಳು ಸುಮ್ಮನಿರಬೇಕಲ್ಲ! ಶಾಫ್ಟು ಮುರಿದರೆ ಅಣ್ಣ ಅತ್ತ ಕಳಿಸುತ್ತಿದ್ದ, ಪಿನ್ನು ಸವೆದರೆ ತಮ್ಮ ಇತ್ತ ಕಳಿಸುತ್ತಿದ್ದ. ಕಾಗದವಿಲ್ಲ, ಫೋನಿಲ್ಲ. ಬಂದ ಶಾಫ್ಟನ್ನು ಬೆಳಕಿಗೆ ಹಿಡಿದು ಅಣ್ಣ ಹೆಂಡತಿಗೆ ಹೇಳುತ್ತಿದ್ದ: "ಜ್ವರ ಬಂದು ಎದ್ದಿದಾನೆ ಕಣೇ, ಉಜ್ಜಿದ್ದು ಸಾಲದು."

ಒಂಬತ್ತು ವರ್ಷ ಕಳೆದ ಮೇಲೆ ಬಂದ ಒಂದು ಶಾಫ್ಟಿನ ತೂತು ಕೂದಲೆಳೆಯಷ್ಟು ಓರೆಯಾಗಿತ್ತು. ಮುಂದಿನದು ಇನ್ನೂ ಓರೆ. ಅಣ್ಣ ಅದನ್ನು ಹೆಂಡತಿಗೆ ತೋರಿಸಿದ. ತಮ್ಮನ ಕೈ ನಡುಗುತ್ತಿದೆ.

"ಹೋಗಿ ನೋಡ್ಕೊಂಡು ಬನ್ನಿ," ಅಂದಳು ಹೆಂಡತಿ.

"ಚಿಕ್ಕವನು ಅವನು. ಅವನೇ ಬರಲಿ."

ಹೋಗಲಿಲ್ಲ. ಬದಲಿಗೆ ತನ್ನ ಡೈಯಿಂದ ಉಕ್ಕಿನ ಕಡ್ಡಿಗೆ ಅದೇ ಥ್ರೆಡ್ಡು ಕೊರೆದು, ಅರದಿಂದ ಉದ್ದುದ್ದ ಗೀರು ತೆಗೆದು, ಕಾಯಿಸಿ ಗಟ್ಟಿ ಮಾಡಿ ಗುಟ್ಟಾಗಿ ತಾನೂ ಒಂದು ಟ್ಯಾಪು ಮಾಡಿಕೊಂಡ. ತಮ್ಮನ ಓರೆ ತೂತುಗಳನ್ನು ಮರದಿಂದ ಮುಚ್ಚಿ, ನೇರವಾಗಿ ಮತ್ತೆ ಕೊರೆದು ಕೊಡುತ್ತಿದ್ದ. "ನನ್ನ ತಮ್ಮನ ಕೆಲಸ ಅಂದ್ರೆ ಕೇಳಬೇಕಾ" ಎಂದು ಗಿರಾಕಿಗಳ ಮುಂದೆ ಹೊಗಳುತ್ತಿದ್ದ. ಇಷ್ಟೆಲ್ಲ ಪ್ರೀತಿಯಿದ್ದ ಪುಣ್ಯಾತ್ಮನಿಗೆ ಒಂದು ಬಸ್ಸು ಹತ್ತಲು ಏನು ಧಾಡಿ ಬಂದಿತ್ತೋ!

ಕೊನೆಗೊಮ್ಮೆ ಅವನ ಮನಸ್ಸು ಕರಗಿತು. ಬರುವ ಭಾನುವಾರ ಹೋಗೋಣ ಎಂದು ತಾನೇ ಹೆಂಡತಿಗೆ ಹೇಳಿದ. ಗುರುವಾರ ಆಟಗಾರನೊಬ್ಬ ತಮ್ಮನ ಅಂಗಡಿಯಿಂದ ಒಂದು ಹೊಸ ಶಾಫ್ಟು ತಂದುಕೊಟ್ಟ. "ನಿಮಗೇ ತೋರಿಸಬೇಕಂತೆ. ಅಷ್ಟೇ ಹೇಳಿದ್ರು."

ಅಣ್ಣ ಅದನ್ನು ಗಾಜಿನ ಮೇಲೆ ಉರುಳಿಸಿದ. ಒಂದಿಷ್ಟೂ ಅಲುಗಲಿಲ್ಲ. ಪಿನ್ನಿಗೆ ತಿರುಗಿಸಿದ. ಕೂಡಿದ ಜಾಗ ಉಗುರಿಗೂ ಸಿಗಲಿಲ್ಲ. ಹೊಟ್ಟೆಗೆ ಹಾಲೆರೆದಂತಾಯಿತು ಅವನಿಗೆ.

"ಕೈ ಸರಿಹೋಗಿದೆ ಕಣೇ. ಗುಣವಾಗಿದಾನೆ," ಎಂದು ನಕ್ಕ. ಹಾಗಾದರೆ ಅವಸರವೇನು? ಹಳೆಯ ಬಿಗುಮಾನ ಮತ್ತೆ ಬಂದು ಕೂತಿತು. ಭಾನುವಾರ ಹೋಗಲಿಲ್ಲ, ಅದರ ಮುಂದಿನ ಭಾನುವಾರವೂ ಹೋಗಲಿಲ್ಲ.

ಶಾಫ್ಟು ಬಂದ ಹದಿನೇಳನೆಯ ದಿನ ತಮ್ಮನ ಹೆಂಡತಿಯ ಫೋನು ಬಂತು. ತಮ್ಮ ಹೋಗಿಬಿಟ್ಟಿದ್ದ.

ಗಂಡಹೆಂಡತಿ ಸಿಕ್ಕ ಬಸ್ಸಿಗೆ ಹೊರಟರು. ಅವರು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಂದಿನ ಕೋಣೆಯೇ ಅಂಗಡಿ. ಮರ ಕಡೆಯುವ ಲೇತಿನ ಪಕ್ಕದಲ್ಲೇ ಮಂಚ, ಮಂಚದಿಂದ ಕಿಟಕಿಯಾಚೆ ಬಸ್ಸು ನಿಲ್ಲುವ ಜಾಗ ಕಾಣುತ್ತಿತ್ತು. ತಮ್ಮನ ಮಗಳು ಎದ್ದು ಬಂದಳು. ಊರು ಬಿಟ್ಟು ಹೋಗುವಾಗ ಸ್ಕೂಲಿನ ಹುಡುಗಿ, ಈಗ ಎತ್ತರದ ಹೆಂಗಸು, ಬೆರಳ ಸಂದಿಯಲ್ಲೆಲ್ಲ ಅಂಟು.

"ಎರಡು ವರ್ಷ ಅಪ್ಪನ ಪಕ್ಕ ಕೂತು ಕಲಿತೆ ದೊಡ್ಡಪ್ಪ. ನಾನು ಮಾಡಿದ್ದು ಒಂದೂ ಸರಿಬರ್ತಿರಲಿಲ್ಲ, ನಿಮಗೆ ಬರ್ತಿದ್ದದ್ದೆಲ್ಲ ಅಪ್ಪನ ಕೈಯದೇ. ಅಪ್ಪ ಇನ್ನು ಏಳೋದಿಲ್ಲ ಅಂತ ಗೊತ್ತಾದಾಗ ನಿಮಗೆ ಹೇಳಿಕಳಿಸ್ತೀವಿ ಅಂದ್ವಿ. ಬೇಡ ಅಂದ್ರು. ನನ್ನ ಕೈಲಿ ಒಂದು ಶಾಫ್ಟು ಮಾಡಿಸಿ ಕಳಿಸಿದ್ರು. 'ಅಣ್ಣ ಒಂದು ಸಲ ನೋಡಿದ್ರೆ ಸಾಕು, ಇದು ನನ್ನ ಕೈದಲ್ಲ ಅಂತ ಗೊತ್ತಾಗುತ್ತೆ. ಮಾರನೇ ದಿನದ ಬಸ್ಸಿಗೇ ಬರ್ತಾನೆ' ಅಂದ್ರು. ಬಸ್ಸು ಬರೋ ಹೊತ್ತಿಗೆಲ್ಲ ದಿಂಬಿಗೆ ಒರಗಿಸಿ ಕೂರಿಸು ಅಂತಿದ್ರು." ಅವಳು ಉಸಿರೆಳೆದುಕೊಂಡಳು. "ಶಾಫ್ಟು ನಿಮಗೆ ತಲುಪಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಆ ಒಂದು ಮಾತಿಗೆ ಎಲ್ಲರೂ ಅವನನ್ನು ಕ್ಷಮಿಸುತ್ತಿದ್ದರು. ಹೆಂಡತಿಯೂ ಅವನ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಮಾತನ್ನು ತೂಗಿ ನೋಡಿದ.

"ತಲುಪಿತು ಮಗಳೇ. ಒಂದಿಷ್ಟೂ ತಪ್ಪಿರಲಿಲ್ಲ. ಅವನದೇ ಅಂದ್ಕೊಂಡೆ."

ಅಪ್ಪನ ಕೈಗೆ ಸರಿಸಮ ಎಂಬ ಒಂದು ಮಾತಿಗಾಗಿ ಎರಡು ವರ್ಷ ಕಷ್ಟಪಟ್ಟಿದ್ದ ಹುಡುಗಿ, ಅದನ್ನು ಕೇಳಿ ಲೇತಿಗೆ ಒರಗಿ ಅಳತೊಡಗಿದಳು.