ಪೆಟ್ಟಿಗೆ ಅಕ್ಕ ಕೊಟ್ಟ ತುಂಬು ದನಿ

ಬೀದಿಯವರೆಲ್ಲ ಅವಳನ್ನು ಪೆಟ್ಟಿಗೆ ಅಕ್ಕ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಲೌಡ್‌ಸ್ಪೀಕರ್‌ಗಳಿಗೆ ಮರದ ಪೆಟ್ಟಿಗೆ ಮಾಡುವವಳು. ಕೈಗೆ ಸದಾ ಅಂಟು, ತಲೆಗೆ ಮರದ ಹುಡಿ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟ. "ಪೆಟ್ಟಿಗೆ ಇಲ್ದಿದ್ರೆ ಸ್ಪೀಕರಿನ ಮುಂದಿನ ಸದ್ದನ್ನ ಹಿಂದಿನ ಸದ್ದೇ ನುಂಗಿಹಾಕುತ್ತೆ ಕಣ್ರೀ" ಎಂದು ಬಂದವರಿಗೆಲ್ಲ ಪಾಠ. ಅಂಗೈಯಗಲದ ಸ್ಪೀಕರ್ ತಂದು ಇದರಲ್ಲಿ ಡೋಲು ಗುಡುಗಬೇಕು ಅಂದವರಿಗಂತೂ ಮಂಗಳಾರತಿ. "ಸೊಳ್ಳೆ ಹತ್ರ ಹೋಗಿ ಆನೆ ಹಾಗೆ ಘೀಳಿಡು ಅಂತೀರಲ್ಲ!"

ಅವಳಿಗೆ ಇದ್ದದ್ದು ತಮ್ಮ ಒಬ್ಬನೇ. ಹುಟ್ಟಿನಿಂದಲೇ ಅವನಿಗೆ ಕಣ್ಣಿಲ್ಲ. ದಿನಾ ಬೆಳಿಗ್ಗೆ ಅಗಲವಾದ ರಸ್ತೆ ದಾಟಿ ಎದುರಿನ ಆಸ್ಪತ್ರೆಗೆ ಹೋಗಿ, ಒಗೆದ ಹಾಸಿಗೆ ಬಟ್ಟೆ ಮಡಚುವ ಕೆಲಸ ಮಾಡುತ್ತಿದ್ದ. ದಾಟಲು ಅವನಿಗಿದ್ದ ಆಧಾರ ಒಂದೇ. ನಡೆಯುವವರಿಗೆ ಹಸಿರು ದೀಪ ಬಿದ್ದಾಗ ಎರಡೂ ಬದಿಯ ಕಂಬಗಳು ಕೀ ಕೀ ಎನ್ನುತ್ತಿದ್ದವು. ಆಚೆ ಕಂಬದ ಕೀಚಲಿಗೆ ಮುಖ ಮಾಡಿ ನಡೆದರೆ ನೇರ ಆಸ್ಪತ್ರೆಯ ಬಾಗಿಲು.

ಆ ಕೀಚಲಿನಿಂದ ಅಕ್ಕಪಕ್ಕದ ಮನೆಯವರಿಗೆ ತಲೆ ಚಿಟ್ಟುಹಿಡಿದಿತ್ತು. ದೂರಿನ ಮೇಲೆ ದೂರು ಹೋಗಿ, ಕೊನೆಗೆ ಸಿಗ್ನಲ್ ನೋಡಿಕೊಳ್ಳುವ ಇಂಜಿನಿಯರ್ ಅವಳಲ್ಲಿಗೆ ಬಂದ. "ಕಿವಿಗೆ ಹಿತವಾಗೋ ಹಾಗೆ ಏನಾದ್ರೂ ಮಾಡಮ್ಮ."

ಮಾಡಿದಳು ನೋಡಿ! ಎರಡೂ ಕಂಬದ ಪುಟ್ಟ ತಗಡಿನ ಹಾರ್ನ್‌ಗಳನ್ನು ಕಿತ್ತು, ಎಂಟಿಂಚಿನ ಒಂದೊಂದು ಸ್ಪೀಕರನ್ನು ದಪ್ಪ ಹಲಗೆಯ ಪೆಟ್ಟಿಗೆಯಲ್ಲಿ ಕೂರಿಸಿದಳು. ಕೀಚಲು ಹೋಗಿ ಬೂಂ ಬೂಂ ಎಂಬ ತುಂಬು ದನಿ ಬಂತು. ಬಾಲ್ಕನಿಗಳಿಂದ ಜನ ಚಪ್ಪಾಳೆ ತಟ್ಟಿದರು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಮ್ಮನೂ ಸಂಜೆ "ಚೆನ್ನಾಗಿದೆ ಅಕ್ಕ" ಅಂದ.

ಮೂರನೆಯ ದಿನ ಬೆಳಿಗ್ಗೆ ಅವಳು ಆಸ್ಪತ್ರೆ ಕಡೆಯ ಕಂಬಕ್ಕೆ ಏಣಿ ಹಾಕಿ ಪೆಟ್ಟಿಗೆಯ ಬೋಲ್ಟ್ ಬಿಗಿಮಾಡುತ್ತಿದ್ದಳು. ಎದುರು ಬದಿಯಲ್ಲಿ ತಮ್ಮ ಬಂದು ನಿಂತ. ಬೂಂ ಬೂಂ ಶುರುವಾಯಿತು. ಕೋಲು ಮುಂದಿಟ್ಟು ಇಳಿದ.

ಮೂರು ಹೆಜ್ಜೆ ನೆಟ್ಟಗೆ ಇಟ್ಟ. ನಾಲ್ಕನೆಯದು ಸೊಟ್ಟಗಾಯಿತು. ತಲೆಯನ್ನು ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಮತ್ತೆ ನಡೆದ. ಇದೇನು, ಕಂಬ ಬಿಟ್ಟು ರಸ್ತೆಯ ಉದ್ದಕ್ಕೇ ಹೋಗುತ್ತಿದ್ದಾನಲ್ಲ!

ಬೂಂ ನಿಂತಿತು. ವಾಹನಗಳು ನುಗ್ಗಿದವು.

"ನಿಂತ್ಕೊಳ್ಳೋ! ಅಲ್ಲೇ ನಿಂತ್ಕೊಳ್ಳೋ!" ಅವಳ ಕೂಗು ಇಂಜಿನ್‌ಗಳ ಗದ್ದಲದಲ್ಲಿ ಮುಳುಗಿಹೋಯಿತು. ಒಂದು ಬಸ್ಸು ಅವನ ಕೋಲಿನ ಮೇಲೇ ಹತ್ತಿ ಹೋಯಿತು. ಅವನು ಬರಿಗೈಯಲ್ಲಿ ನಡುರಸ್ತೆಯಲ್ಲಿ ಸುತ್ತುತ್ತ ನಿಂತ. ಇಳಿದು ಓಡಲು ಹೊತ್ತಿಲ್ಲ. ಕೈಯಲ್ಲಿದ್ದ ಸ್ಪಾನರಿನಿಂದ ಕಬ್ಬಿಣದ ಕಂಬಕ್ಕೆ ಬಡಿದಳು. ಟಣ್! ಟಣ್! ಟಣ್!

ಅವನ ಮುಖ ಥಟ್ಟನೆ ಅವಳತ್ತ ತಿರುಗಿತು. ಯಾರೋ ಬ್ರೇಕ್ ಒತ್ತಿ ಬೈದರು. ಅವಳು ಬಡಿಯುತ್ತಲೇ ಇದ್ದಳು. ದಾರ ಹಿಡಿದು ಎಳೆದ ಹಾಗೆ ಅವನು ನೇರ ನಡೆದು ಬಂದು ಏಣಿ ಹಿಡಿದುಕೊಂಡ.

ಅವಳು ಜಾರಿಕೊಂಡೇ ಇಳಿದಳು. "ನಿನ್ನೇನೂ ಹೀಗೇ ಆಯ್ತೇನೋ?"

"ಹೂಂ, ಮೊನ್ನೇನೂ. ಸದ್ದು ಚೆನ್ನಾಗಿದೆ ಅಕ್ಕ, ಸುಳ್ಳಲ್ಲ. ಆದ್ರೆ ಬೀದಿ ತುಂಬಾ ಅದೇ ಇರುತ್ತೆ. ಎಲ್ಲಿಂದ ಬರ್ತಿದೆ ಅಂತಾನೇ ತಿಳಿಯಲ್ಲ. ಹಳೇ ಕೀಚಲಾದ್ರೆ ಈಗ ನೀನು ಬಡಿದ ಟಣ್ ಟಣ್ ಹಾಗೆ ನೆಟ್ಟಗೆ ಕರೀತಿತ್ತು."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ನಿನ್ನ ಕೆಲಸಕ್ಕೆ ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲಲ್ವಾ. ಹೇಗೆ ಹೇಳ್ಲಿ?"

ಅವಳು ಅವನ ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ಬಿಗಿಯಾಗಿ ತಬ್ಬಿಕೊಂಡಳು. ಸಂಜೆ ತಾನೇ ಬಂದು ದಾಟಿಸುತ್ತೇನೆ ಅಂದಳು. ಮತ್ತೆ ಏಣಿ ಹತ್ತಿ ಬೋಲ್ಟ್ ಬಿಚ್ಚತೊಡಗಿದಳು.

ಬಾಲ್ಕನಿಯಿಂದ ಯಾರೋ ಕೇಳಿದರು, "ಏನಮ್ಮ, ಇಷ್ಟು ಚೆನ್ನಾಗಿರೋದನ್ನ ಯಾಕೆ ಬಿಚ್ತಿದ್ದೀಯ?"

"ನಾಳೆಯಿಂದ ಕಂಬ ಮತ್ತೆ ಕಿರುಚುತ್ತೆ!" ಅಂದಳು. "ಕಿಟಕಿ ಮುಚ್ಕೊಳ್ಳಿ!"