ಮಗ್ಗದ ಗುಂಡಿಯ ಬೆಕ್ಕು

ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಅರ್ಧ ತೆಂಗಿನ ಚಿಪ್ಪೊಂದಿದೆ. ಸಂಜೆ ಅದಕ್ಕೆ ಒಂದು ಸೌಟು ಹಾಲು ಹೊಯ್ಯುತ್ತೇನೆ. ಬೂದು ಬಣ್ಣದ ಬೆಕ್ಕೊಂದು ಗೋಡೆಯಿಳಿದು ಬಂದು ಕುಡಿಯುತ್ತದೆ. ನೀವು ಎಂದಾದರೂ ಕೊಳ್ಳೇಗಾಲದ ನಮ್ಮ ಬೀದಿಗೆ ಬಂದು ಕಾಫಿಗೆ ಕುಳಿತರೆ, ಬಂದವರೆಲ್ಲ ಕೇಳುವುದನ್ನೇ ಕೇಳುತ್ತೀರಿ: ನಿಮ್ಮದಾ ಈ ಬೆಕ್ಕು? ಹೌದೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅಲ್ಲವೆಂದರೆ, ಮತ್ತೆ ಯಾರದು ಎನ್ನುತ್ತೀರಿ. ಅದಕ್ಕೆ ಉತ್ತರ ಕೊಡಬೇಕಾದರೆ ಕಂಡದ್ದನ್ನು ಕಂಡಷ್ಟೇ, ನಿಧಾನವಾಗಿ ಹೇಳಬೇಕು.

ನಾನು ವಕೀಲರೊಬ್ಬರ ಕಚೇರಿಯಲ್ಲಿ ಟೈಪು ಮಾಡುವವಳು. ಪಾಲು ಪತ್ರಗಳನ್ನು ಬಡಿದೂ ಬಡಿದೂ ಕೆಲವು ಮಾತುಗಳು ಬೆರಳಿಗೇ ಅಂಟಿಕೊಂಡಿವೆ. ಮನೆ, ನಿವೇಶನ ಸ್ಥಿರಾಸ್ತಿ. ಮಂಚ, ಹಂಡೆ, ಸಾಕಿದ ಪ್ರಾಣಿ ಚರಾಸ್ತಿ. ಕಾನೂನಿನ ಕಣ್ಣಿಗೆ ಬೆಕ್ಕೂ ಹಂಡೆಯೂ ಒಂದೇ ಸಾಲು. ಹಂಡೆ ಇಟ್ಟಲ್ಲೇ ಇರುತ್ತದೆ, ಬೆಕ್ಕು ಎದ್ದು ಹೋಗುತ್ತದೆ, ಅಷ್ಟೇ ವ್ಯತ್ಯಾಸ. ಇನ್ನೊಂದು ಮಾತೂ ಇದೆ: ಆಸ್ತಿ ಒಡೆಯನಿಲ್ಲದೆ ಒಂದು ಕ್ಷಣವೂ ಇರುವುದಿಲ್ಲ. ಸತ್ತವನ ಕೈಯಿಂದ ಜಾರಿದ್ದು ಆ ಗಳಿಗೆಯಲ್ಲೇ ವಾರಸುದಾರರ ಕೈ ಸೇರುತ್ತದೆ, ನಡುವೆ ಸಂದಿಲ್ಲ. ಇದನ್ನು ನಾನು ನಂಬಿದ್ದೆ.

ಪಕ್ಕದ ಮನೆಯ ನಂಜಪ್ಪನವರು ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ ಕೂತು, ಅದರೊಳಗಿನ ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುವ ಮಗ್ಗ ಅದು. ಅವರ ಎಡಗಾಲು ಎಳವೆಯಲ್ಲೇ ಸೊರಗಿತ್ತು. ಹಾಗಾಗಿ ಬಲಗಾಲಿನ ಸದ್ದಿನ ಬೆನ್ನಿಗೇ ಬರಬೇಕಾದ ಎಡಗಾಲಿನ ಸದ್ದು ಒಂದು ಉಸಿರು ತಡವಾಗಿ ಬರುತ್ತಿತ್ತು. ಎರಡು ಮನೆಗೂ ಒಂದೇ ಗೋಡೆ. ಮದುವೆಯಾಗಿ ಈ ಬೀದಿಗೆ ಬಂದಂದಿನಿಂದ ಕೇಳಿ ಕೇಳಿ, ನಾನು ಈರುಳ್ಳಿ ಹೆಚ್ಚುವುದೂ ಅದೇ ಲಯಕ್ಕೆ ಒಗ್ಗಿಹೋಗಿತ್ತು. ಬೆಕ್ಕು ಹುಟ್ಟಿದ್ದು ಆ ಗುಂಡಿಯಲ್ಲೇ. ಅದರ ಅಂಚಿನಲ್ಲಿ ಮುಂಗಾಲು ಮಡಿಸಿ ಕೂತು, ಅವರ ಕಾಲುಗಳನ್ನೇ ನೋಡುತ್ತಿತ್ತು.

ಅವರು ತೀರಿಕೊಂಡ ಮೇಲೆ ಇಬ್ಬರು ಮಕ್ಕಳೂ ಆಸ್ತಿ ಪಾಲು ಮಾಡಿಕೊಂಡರು. ಮನೆ, ಮಗ್ಗ ಹಿರಿಯವನಾದ ಶಿವಣ್ಣನಿಗೆ. ಕಿರಿಯವನಾದ ಮಾದೇಶ ತನ್ನ ಪಾಲು ಹಿಡಿದು ಯಳಂದೂರಿಗೆ ಹೋದ. ಬೆಕ್ಕಿನ ಮಾತನ್ನು ಯಾರೂ ಎತ್ತಲಿಲ್ಲ. ಶಿವಣ್ಣ ಗುಂಡಿ ಮುಚ್ಚಿಸಿ, ಮೇಲೆ ಸಿಮೆಂಟು ಹಾಕಿಸಿ, ಪಕ್ಕದ ಕೋಣೆಯಲ್ಲಿ ಪವರ್‌ಲೂಮ್ ಹೂಡಿದ. ವರ್ಷದ ತಿಥಿಗೆಂದು ಬಂದ ಮಾದೇಶ, ಹನೂರಿನ ಸಂತೆಯಿಂದ ತಂದಿದ್ದ ಬಿದಿರು ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ಬಸ್ಸು ಹತ್ತಿದ. ತಮ್ಮನ ಮೇಲೆ ಕಳವಿನ ದೂರು ಕೊಡುತ್ತೇನೆಂದು ಶಿವಣ್ಣ ನಮ್ಮ ವಕೀಲರಲ್ಲಿಗೆ ಬಂದ. ಕೊಡಬಹುದು, ಎಂದರು ಅವರು. ಆದರೆ ಒಡಹುಟ್ಟಿದವನನ್ನು ಸ್ಟೇಷನ್ ಮೆಟ್ಟಿಲು ಹತ್ತಿಸುವ ಮೊದಲು ಒಮ್ಮೆ ಕೂತು ಮಾತಾಡಿ, ಸಾಕ್ಷಿಗೆ ಇವರಿರಲಿ ಎಂದು ನನ್ನತ್ತ ನೋಡಿದರು.

ಭಾನುವಾರ ಮಧ್ಯಾಹ್ನ ಮಾದೇಶ ಬೆಕ್ಕಿನ ಬುಟ್ಟಿ ಹಿಡಿದು ಬಂದ. ಕರೆಂಟಿರಲಿಲ್ಲ, ಬೀದಿಯ ಪವರ್‌ಲೂಮ್‌ಗಳೆಲ್ಲ ನಿಂತಿದ್ದವು. ಮಗ್ಗವಿದ್ದ ಕೋಣೆಯಲ್ಲಿ ಬುಟ್ಟಿಯನ್ನು ನಡುವೆ ಇಟ್ಟು, ಅಣ್ಣತಮ್ಮಂದಿರು ಕಾಲು ಚಾಚಿ ಎದುರುಬದುರು ಕೂತರು.

“ಅಕ್ಕ, ನೀವೇ ಯೋಳಿ,” ಎಂದ ಶಿವಣ್ಣ. “ಮಗ್ಗ ನನ್ ಪಾಲಿಗ್ ಬಂತೋ ಇಲ್ವೋ? ಮಗ್ಗದ್ ಗುಂಡೀಲಿ ಉಟ್ಟಿದ್ ಬೆಕ್ಕು ಇನ್ಯಾರ್ದು?”

“ಗುಂಡಿಗೆ ಸಿಮೆಂಟ್ ಬಳ್ಸಿದೋನು ಈಗ ಗುಂಡಿ ಎಸ್ರು ಯೋಳ್ತಾವ್ನೆ,” ಎಂದು ಮಾದೇಶ ನಕ್ಕ. ಆಮೇಲೆ ನಗು ಬಿಟ್ಟು, “ಅಪ್ಪನ್ ಕೈ ಆಡಿದ್ ಜೀವ ಅಂತ ಉಳ್ದಿರದು ಇದೊಂದೇ ಕಣಕ್ಕ. ಮಗ್ಗ ಬ್ಯಾಡ, ಮನೆ ಬ್ಯಾಡ, ನಂಗಿದ್ ಸಾಕು.”

“ಕದ್ಕಂಡ್ ಓದೋನ್ ಬಾಯಲ್ಲಿ ಏನ್ ಮಾತ್ಲಾ ಅದು.”

“ಕಳ್ಳ ಅಂತ್ಲೇ ಬರ್ಸಣ್ಣ. ಕೆಳಗೆ, ನನ್ ತಮ್ಮ ಅಂತ್ಲೂ ಬರ್ಸು.”

ನಾನು ಬುಟ್ಟಿಯ ಮುಚ್ಚಳ ತೆಗೆದೆ. ಬೆಕ್ಕು ಇಬ್ಬರತ್ತಲೂ ನೋಡದೆ, ಮೂಲೆಯ ಹೊಸ ಸಿಮೆಂಟಿನ ಬಳಿಗೆ ಹೋಗಿ, ಗುಂಡಿಯ ಅಂಚು ಎಲ್ಲಿತ್ತೋ ಅಲ್ಲೇ ನಿಂತು, ಮುಂಗಾಲು ಮಡಿಸಿ ಕೂತಿತು. ತಲೆ ಬಗ್ಗಿಸಿ ನೆಲ ನೋಡಿತು. ಅದರ ಬಲಗಿವಿ ಹೊರಳಿತು. ಒಂದು ಉಸಿರು ಬಿಟ್ಟು ಎಡಗಿವಿ. ಮತ್ತೆ ಬಲಗಿವಿ, ಒಂದು ಉಸಿರು, ಎಡಗಿವಿ.

ಇಲಿಯಿರಬಹುದೆಂದು ನಾನೇ ಹೋಗಿ ಅಲ್ಲಿ ಅಂಗೈ ಊರಿದೆ. ಸಿಮೆಂಟು ತಣ್ಣಗಿತ್ತು. ನೆಲ ಅದುರಲಿಲ್ಲ, ಸದ್ದು ಕೇಳಲಿಲ್ಲ. ಇದನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳುತ್ತೇನೆ. ತಿರುಗಿದಾಗ ಶಿವಣ್ಣ ಚಾಚಿದ್ದ ಕಾಲುಗಳನ್ನು ಮಡಿಸಿ ಒಳಗೆಳೆದುಕೊಂಡಿದ್ದ. ಮಾದೇಶನೂ ಹಾಗೆಯೇ. ಯಾರೋ ದಾಟಿ ಹೋಗಲೆಂದು ದಾರಿ ಬಿಟ್ಟವರಂತೆ ಇಬ್ಬರೂ ಮುದುರಿ ಕೂತಿದ್ದರು. ಅಷ್ಟರಲ್ಲಿ ಬೆಕ್ಕಿನ ಕಿವಿಗಳು ಹೊರಳುವುದು ನಿಂತಿತು. ಎಳೆ ತುಂಡಾದರೆ ನಂಜಪ್ಪನವರು ತುಳಿಯುವುದನ್ನು ಹೀಗೆಯೇ ನಿಲ್ಲಿಸುತ್ತಿದ್ದರು. ಬೆಕ್ಕು ತಲೆಯೆತ್ತಿ, ಕೂತ ಮನುಷ್ಯನ ಮುಖ ಎಷ್ಟೆತ್ತರಕ್ಕಿರುತ್ತದೋ ಅಷ್ಟೆತ್ತರಕ್ಕೆ ದಿಟ್ಟಿಸಿತು, ಕಾಯಿತು, ಮತ್ತೆ ನೆಲ ನೋಡಿತು. ಬಲಗಿವಿ ಹೊರಳಿತು.

“ತಕಂಡೋಗ್ಲಾ,” ಎಂದ ಶಿವಣ್ಣ ಪಿಸುದನಿಯಲ್ಲಿ. “ಕಂಪ್ಲೇಂಟು ಗಿಂಪ್ಲೇಂಟು ಏನೂ ಕೊಡಲ್ಲ. ಈಗ್ಲೇ ತಕಂಡೋಗು.”

ಮಾದೇಶ ಕದಲಲಿಲ್ಲ. “ಎಂಗ್ ತಕಂಡೋಗ್ಲಣ್ಣ,” ಎಂದ. “ಅಪ್ಪ ಮಗ್ಗ ಬಿಟ್ಟು ಏಳೋಗಂಟ ಅದು ಬರಲ್ಲ.”

ಬುಟ್ಟಿ ಖಾಲಿಯಾಗಿ ಯಳಂದೂರಿಗೆ ಹೋಯಿತು. ಶಿವಣ್ಣ ಆ ಕೋಣೆಯಲ್ಲಿ ಈಗಲೂ ಏನನ್ನೂ ಇಟ್ಟಿಲ್ಲ. ಬಾಗಿಲನ್ನು ಬೆಕ್ಕು ನುಸುಳುವಷ್ಟು ತೆರೆದಿಟ್ಟಿರುತ್ತಾನೆ. ನಾನು ಕಚೇರಿಯಲ್ಲಿ ಅದೇ ಹಳೆಯ ಸಾಲುಗಳನ್ನು ಟೈಪು ಮಾಡುತ್ತೇನೆ. ಆದರೆ ಒಂದು ಕೈ ಬಿಡುವುದಕ್ಕೂ ಇನ್ನೊಂದು ಕೈ ಹಿಡಿಯುವುದಕ್ಕೂ ನಡುವೆ ಸಂದಿಲ್ಲವೆಂಬಲ್ಲಿಗೆ ಬಂದಾಗ ಬೆರಳು ತಡೆಯುತ್ತದೆ. ಸೊರಗಿದ ಕಾಲಿನ ಹಾಗೆ ಕೆಲವರ ಒಡೆತನವೂ ತಡವಾಗಿಯೇ ಹೊರಡುತ್ತದೇನೋ, ಆ ತಡದೊಳಗೆ ಒಂದು ಬೆಕ್ಕು ವಾಸಿಸುವಷ್ಟು ಜಾಗವಿರುತ್ತದೇನೋ. ನನಗೆ ಗೊತ್ತಿಲ್ಲ, ನಾನು ಸಾಕ್ಷಿ ಮಾತ್ರ.

ಸಂಜೆ ಚಿಪ್ಪಿಗೆ ಹಾಲು ಹೊಯ್ದು, ಬಾಗಿಲ ಬಳಿಯೇ ಮಣೆಯಿಟ್ಟುಕೊಂಡು ಈರುಳ್ಳಿ ಹೆಚ್ಚಲು ಕೂರುತ್ತೇನೆ. ಬೆಕ್ಕು ಬರುತ್ತದೆ, ಕುಡಿಯುತ್ತದೆ. ಎಷ್ಟು ಎಚ್ಚರವಹಿಸಿದರೂ ನನ್ನ ಚಾಕು ಒಮ್ಮೆ ಬಿದ್ದು, ಇನ್ನೊಮ್ಮೆ ಒಂದು ಉಸಿರು ತಡವಾಗಿ ಬೀಳುತ್ತದೆ. ಆಗ ಅದು ಹಾಲು ಬಿಟ್ಟು, ಮುಂಗಾಲು ಮಡಿಸಿ ಕೂತು, ನನ್ನ ಕಾಲುಗಳನ್ನು ನೋಡತೊಡಗುತ್ತದೆ. ನಾನು ಮೆಲ್ಲಗೆ ಅವನ್ನು ಸೀರೆಯೊಳಗೆ ಎಳೆದುಕೊಳ್ಳುತ್ತೇನೆ.